ಮಿನ್ನೆಸೋಟದ ಐದನೇ ಕ್ಷೇತ್ರ: ಅಮೆರಿಕ ಸಂಸತ್ತಿಗೆ ಮೊದಲ ಮುಸ್ಲಿಮನನ್ನು ಕಳುಹಿಸಿದ ನಗರದ ಚುನಾವಣಾ ಚರಿತ್ರೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಐದನೇ ಕಾಂಗ್ರೆಸ್ ಕ್ಷೇತ್ರವು ಮಿನ್ನಿಯಾಪೊಲಿಸ್ ನಗರ ಹಾಗೂ ಅದಕ್ಕೆ ತಾಗಿಕೊಂಡಿರುವ ಕೆಲವು ಉಪನಗರಗಳನ್ನು ಒಳಗೊಂಡ ಕ್ಷೇತ್ರ. ಇಲ್ಲಿ ಕಾಂಗ್ರೆಸ್ ಅಂದ್ರೆ ಪಕ್ಷದ ಹೆಸರಲ್ಲ, ಅಮೆರಿಕದ ಸಂಸತ್ತು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. 2006ರಲ್ಲಿ ಕೀತ್ ಎಲಿಸನ್ ಅವರನ್ನು ಆರಿಸುವ ಮೂಲಕ ಈ ಕ್ಷೇತ್ರ ಅಮೆರಿಕದ ಮೊದಲ ಮುಸ್ಲಿಂ ಸಂಸದನನ್ನು ಕಳುಹಿಸಿತು. 2018ರಲ್ಲಿ ಅದೇ ಸ್ಥಾನಕ್ಕೆ ಸೊಮಾಲಿಯಾದಲ್ಲಿ ಹುಟ್ಟಿದ ಇಲ್ಹಾನ್ ಒಮರ್ ಆಯ್ಕೆಯಾದರು.

ಈ ಎರಡು ಹೆಸರು ಕೇಳಿದ ಕೂಡಲೇ ಅದು ಮುಸ್ಲಿಂ ಬಹುಸಂಖ್ಯಾತ ಕ್ಷೇತ್ರವಿರಬೇಕು ಎಂದು ಹಲವರು ಭಾವಿಸುತ್ತಾರೆ. ಹಾಗೇನಿಲ್ಲ. ಇಲ್ಲಿನ ಹೆಚ್ಚಿನ ಮತದಾರರು ಬಿಳಿಯರು, ಮುಸ್ಲಿಮರು ಅಲ್ಪಸಂಖ್ಯಾತರು. ಹಾಗಾದರೆ ಈ ಗೆಲುವು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಕ್ಷೇತ್ರದ ಚರಿತ್ರೆಯಲ್ಲಿದೆ, ಅದರಲ್ಲೂ ನವೆಂಬರ್‌ಗಿಂತ ಮೊದಲೇ ನಡೆಯುವ ಒಂದು ಚುನಾವಣೆಯಲ್ಲಿದೆ.

ಕ್ಷೇತ್ರದ ಪರಿಚಯ

ಮಿನ್ನೆಸೋಟಕ್ಕೆ ಪ್ರತಿನಿಧಿ ಸಭೆಯಲ್ಲಿ ಎಂಟು ಸ್ಥಾನಗಳಿವೆ. 2020ರ ಜನಗಣತಿಯ ಲೆಕ್ಕದಲ್ಲಿ ಪ್ರತಿ ಕ್ಷೇತ್ರಕ್ಕೆ ಸುಮಾರು 7 ಲಕ್ಷ 13 ಸಾವಿರ ಜನ. ಐದನೇ ಕ್ಷೇತ್ರದಲ್ಲಿ ಇಡೀ ಮಿನ್ನಿಯಾಪೊಲಿಸ್ ನಗರವಿದೆ. ಜೊತೆಗೆ ಸೇಂಟ್ ಲೂಯಿಸ್ ಪಾರ್ಕ್, ಗೋಲ್ಡನ್ ವ್ಯಾಲಿ, ಹಾಪ್ಕಿನ್ಸ್, ಬ್ರೂಕ್ಲಿನ್ ಸೆಂಟರ್, ಕೊಲಂಬಿಯಾ ಹೈಟ್ಸ್‌ನಂಥ ಉಪನಗರಗಳಿವೆ.

ನಗರದೊಳಗಿನ ಭಾಗಗಳು ಒಂದರಂತೆ ಇನ್ನೊಂದಿಲ್ಲ. ಉತ್ತರ ಮಿನ್ನಿಯಾಪೊಲಿಸ್‌ನಲ್ಲಿ ಕರಿಯರ ಹಳೆಯ ನೆಲೆಯಿದೆ. ಸೇಂಟ್ ಲೂಯಿಸ್ ಪಾರ್ಕ್ ಯಹೂದಿ ಸಮುದಾಯಕ್ಕೆ ಹೆಸರಾದ ಊರು. ಮಿಸಿಸಿಪ್ಪಿ ನದಿಯ ಪಕ್ಕದ ಸೀಡರ್-ರಿವರ್‌ಸೈಡ್ ಒಂದು ಕಾಲಕ್ಕೆ ಸ್ವೀಡನ್, ನಾರ್ವೆಯಿಂದ ಬಂದ ಕೂಲಿಕಾರರ ಕೇರಿಯಾಗಿತ್ತು. 1973ರಲ್ಲಿ ಅಲ್ಲಿ ರಿವರ್‌ಸೈಡ್ ಪ್ಲಾಝಾ ಎಂಬ ಬಹುಮಹಡಿ ವಸತಿ ಸಮುಚ್ಚಯ ಎದ್ದಿತು. 1990ರ ದಶಕದಲ್ಲಿ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದ ಸೊಮಾಲಿ ಕುಟುಂಬಗಳಿಗೆ ಅದೇ ನೆಲೆಯಾಯಿತು.

ಚುನಾವಣೆ ನಡೆಯುವ ಬಗೆ

ಈ ಕ್ಷೇತ್ರದ ಕಥೆ ಅರ್ಥವಾಗಬೇಕಿದ್ದರೆ ಅಮೆರಿಕದ ‘ಪ್ರೈಮರಿ’ ಪದ್ಧತಿ ಗೊತ್ತಿರಬೇಕು. ಭಾರತದಲ್ಲಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವುದು ಪಕ್ಷದ ನಾಯಕರು. ಅಲ್ಲಿ ಹಾಗಲ್ಲ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ಮತದಾರರೇ ಪ್ರೈಮರಿಯಲ್ಲಿ ಮತ ಹಾಕಿ ಆರಿಸುತ್ತಾರೆ. ಅದರಲ್ಲಿ ಗೆದ್ದವರು ನವೆಂಬರ್‌ನ ಸಾರ್ವತ್ರಿಕ ಚುನಾವಣೆಯಲ್ಲಿ ಎದುರು ಪಕ್ಷದವರನ್ನು ಎದುರಿಸುತ್ತಾರೆ. ಮಿನ್ನೆಸೋಟದಲ್ಲಿ ಪ್ರೈಮರಿ ಮೊದಲು ಸೆಪ್ಟೆಂಬರ್‌ನಲ್ಲಿತ್ತು. 2010ರಿಂದ ಆಗಸ್ಟ್‌ಗೆ ಬಂತು.

ಮಿನ್ನೆಸೋಟದಲ್ಲಿ ಮತದಾರ ಯಾವುದೇ ಪಕ್ಷದಲ್ಲಿ ಹೆಸರು ನೋಂದಾಯಿಸಬೇಕಿಲ್ಲ. ಮತಪತ್ರದಲ್ಲಿ ಯಾವ ಪಕ್ಷದ ಸಾಲನ್ನು ಬೇಕಾದರೂ ಆರಿಸಿಕೊಳ್ಳಬಹುದು. ಆದರೆ ಒಂದೇ ಪಕ್ಷದ ಸಾಲಿನಲ್ಲಿ ಮಾತ್ರ ಗುರುತು ಹಾಕಬೇಕು.

ಪ್ರೈಮರಿಗೂ ಮೊದಲು ಇನ್ನೊಂದು ಹಂತವಿದೆ. ಚಳಿಗಾಲದ ಒಂದು ಸಂಜೆ ಊರೂರಿನ ಶಾಲೆ, ಸಭಾಂಗಣಗಳಲ್ಲಿ ‘ಕಾಕಸ್’ ಎಂಬ ಸಭೆ ಸೇರುತ್ತದೆ. ಆ ಮತಗಟ್ಟೆ ವ್ಯಾಪ್ತಿಯಲ್ಲಿರುವ ಪಕ್ಷದ ಬೆಂಬಲಿಗರು ಯಾರು ಬೇಕಾದರೂ ಹೋಗಿ ಕೂರಬಹುದು. ಅಲ್ಲಿ ಆಯ್ಕೆಯಾದ ಪ್ರತಿನಿಧಿಗಳು ಮುಂದೆ ಪಕ್ಷದ ಸಮಾವೇಶಕ್ಕೆ ಹೋಗಿ, ಯಾರಿಗೆ ಪಕ್ಷದ ಅಧಿಕೃತ ಬೆಂಬಲ ಎಂದು ತೀರ್ಮಾನಿಸುತ್ತಾರೆ. ಬೆಂಬಲ ಸಿಗಲು 60 ಶೇಕಡ ಪ್ರತಿನಿಧಿಗಳ ಮತ ಬೇಕು. ಬೆಂಬಲ ಸಿಗದವರು ಪ್ರೈಮರಿಗೆ ನಿಲ್ಲಬಾರದು ಎಂದೇನಿಲ್ಲ.

ಡೆಮಾಕ್ರಟಿಕ್ ಪಕ್ಷಕ್ಕೆ ಈ ರಾಜ್ಯದಲ್ಲಿ ಬೇರೆಯದೇ ಹೆಸರಿದೆ. 1944ರಲ್ಲಿ ರೈತರು ಹಾಗೂ ಕಾರ್ಮಿಕರ ಫಾರ್ಮರ್-ಲೇಬರ್ ಪಕ್ಷ ಅದರೊಂದಿಗೆ ವಿಲೀನವಾಯಿತು. ಅಂದಿನಿಂದ ಅದು ಡೆಮಾಕ್ರಟಿಕ್-ಫಾರ್ಮರ್-ಲೇಬರ್, ಚಿಕ್ಕದಾಗಿ ಡಿಎಫ್‌ಎಲ್.

ಗಿರಣಿ ನಗರದ ಕಾಲ

ಇಂದು ಡಿಎಫ್‌ಎಲ್‌ನ ಭದ್ರಕೋಟೆಯಾಗಿರುವ ಮಿನ್ನಿಯಾಪೊಲಿಸ್ ಹಿಂದೆ ಹೆಚ್ಚಾಗಿ ರಿಪಬ್ಲಿಕನ್ನರದ್ದಾಗಿತ್ತು. ಸೇಂಟ್ ಆಂಥನಿ ಜಲಪಾತದ ಬಲದಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳು ನಗರವನ್ನು ಬೆಳೆಸಿದವು. ಗಿರಣಿ ಉದ್ಯಮಿ ಲೋರೆನ್ ಫ್ಲೆಚರ್ 1893ರಿಂದ ಹಲವು ಅವಧಿಗೆ ಇಲ್ಲಿನ ಸಂಸದರಾಗಿದ್ದರು. 1902ರಲ್ಲಿ ಅವರನ್ನು ಸೋಲಿಸಿದ್ದು ಸ್ವೀಡನ್‌ನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಡೆಮಾಕ್ರಟ್ ಜಾನ್ ಲಿಂಡ್. ಅಂದ್ರೆ ಹೊರದೇಶದಲ್ಲಿ ಹುಟ್ಟಿದವರನ್ನು ಸಂಸತ್ತಿಗೆ ಕಳುಹಿಸುವುದು ಈ ನಗರಕ್ಕೆ ಹೊಸತಲ್ಲ.

ಪ್ರೈಮರಿಯಲ್ಲೇ ಹಾಲಿ ಸಂಸದರನ್ನು ಮನೆಗೆ ಕಳುಹಿಸುವ ಅಭ್ಯಾಸವೂ ಹಳೆಯದು. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿಯುವುದನ್ನು ವಿರೋಧಿಸಿ ಮತ ಹಾಕಿದ 50 ಸಂಸದರಲ್ಲಿ ಐದನೇ ಕ್ಷೇತ್ರದ ಅರ್ನೆಸ್ಟ್ ಲುಂಡೀನ್ ಒಬ್ಬರು. ಮರುವರ್ಷ ಅವರ ಸ್ವಂತ ಪಕ್ಷದ ಮತದಾರರೇ ಅವರಿಗೆ ಮತ್ತೆ ಅವಕಾಶ ಕೊಡಲಿಲ್ಲ.

1934ರ ಲಾರಿ ಚಾಲಕರ ಮುಷ್ಕರ ನಗರದ ರಾಜಕೀಯವನ್ನು ಅಲುಗಾಡಿಸಿತು. ಪೊಲೀಸರ ಗುಂಡಿಗೆ ಇಬ್ಬರು ಮುಷ್ಕರನಿರತರು ಬಲಿಯಾದರು. ಎರಡು ವರ್ಷದ ಬಳಿಕ ಫಾರ್ಮರ್-ಲೇಬರ್ ಪಕ್ಷದ ಡ್ಯೂಯಿ ಜಾನ್ಸನ್ ಕ್ಷೇತ್ರವನ್ನು ಗೆದ್ದರು. ಆದರೆ 1938ರಲ್ಲಿ ಅದು ಮತ್ತೆ ರಿಪಬ್ಲಿಕನ್ ಆಸ್ಕರ್ ಯಂಗ್‌ಡಾಲ್ ಪಾಲಾಯಿತು.

ಜಡ್‌ರ ಇಪ್ಪತ್ತು ವರ್ಷ

1942ರ ಪ್ರೈಮರಿಯಲ್ಲಿ ಯಂಗ್‌ಡಾಲ್‌ರನ್ನು ಸೋಲಿಸಿದ ವಾಲ್ಟರ್ ಜಡ್, ಚೀನಾದಲ್ಲಿ ಮಿಷನರಿ ವೈದ್ಯರಾಗಿ ವರ್ಷಗಟ್ಟಲೆ ಇದ್ದು ಬಂದವರು. ಏಷ್ಯನ್ನರಿಗೆ ಅಮೆರಿಕದ ಪೌರತ್ವ ಸಿಗದಂತೆ ಮಾಡಿದ್ದ ಜನಾಂಗೀಯ ಅಡೆತಡೆಗಳನ್ನು ತೆಗೆಯಲು ಸಂಸತ್ತಿನಲ್ಲಿ ದುಡಿದರು. ಕಮ್ಯುನಿಸ್ಟ್ ವಿರೋಧಿಯಾಗಿ ದೇಶದಾದ್ಯಂತ ಹೆಸರಾದ ಅವರು 1960ರ ರಿಪಬ್ಲಿಕನ್ ರಾಷ್ಟ್ರೀಯ ಸಮಾವೇಶದಲ್ಲಿ ಪ್ರಧಾನ ಭಾಷಣ ಮಾಡಿದರು. ಆ ವರ್ಷದ ಅವರ ಗೆಲುವೇ ಐದನೇ ಕ್ಷೇತ್ರದಲ್ಲಿ ರಿಪಬ್ಲಿಕನ್ನರ ಕೊನೆಯ ಗೆಲುವು.

1962: ಗಡಿ ಬದಲಾಯಿತು, ಪಕ್ಷವೂ ಬದಲಾಯಿತು

1960ರ ಜನಗಣತಿಯ ನಂತರ ಮಿನ್ನೆಸೋಟ ಒಂದು ಸ್ಥಾನ ಕಳೆದುಕೊಂಡಿತು. ಒಂಬತ್ತು ಇದ್ದದ್ದು ಎಂಟಾಯಿತು. ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಐದನೇ ಕ್ಷೇತ್ರಕ್ಕೆ ಡಿಎಫ್‌ಎಲ್ ಬಲವಿರುವ ಭಾಗಗಳು ಸೇರಿದವು. ರಾಜ್ಯ ಸೆನೆಟರ್ ಆಗಿದ್ದ ವಕೀಲ ಡೊನಾಲ್ಡ್ ಫ್ರೇಸರ್ ಕಣಕ್ಕಿಳಿದು ಜಡ್‌ರನ್ನು ಸೋಲಿಸಿದರು. ಪ್ರಚಾರದ ಹೊಣೆಯಲ್ಲಿ ಅವರ ಪತ್ನಿ, ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಆರ್ವೊನ್ ಫ್ರೇಸರ್ ಅವರ ಪಾಲು ದೊಡ್ಡದು.

ಫ್ರೇಸರ್ 16 ವರ್ಷ ಸಂಸದರಾಗಿದ್ದರು. ಅಮೆರಿಕದ ವಿದೇಶಾಂಗ ನೀತಿಯಲ್ಲಿ ಮಾನವ ಹಕ್ಕುಗಳ ಪ್ರಶ್ನೆಯನ್ನು ಎತ್ತಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯನ್ನು ನಾಯಕರ ಕೈಯಿಂದ ಸಾಮಾನ್ಯ ಮತದಾರರ ಕೈಗೆ ದಾಟಿಸಿದ ಮೆಕ್‌ಗವರ್ನ್-ಫ್ರೇಸರ್ ಆಯೋಗದಲ್ಲಿ ಇರುವುದು ಇವರದೇ ಹೆಸರು. ವಿಪರ್ಯಾಸವೆಂದರೆ, 1978ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿದಾಗ ಪಕ್ಷದ ಬೆಂಬಲ ಇದ್ದರೂ ಪ್ರೈಮರಿಯಲ್ಲಿ ಉದ್ಯಮಿ ಬಾಬ್ ಶಾರ್ಟ್ ಎದುರು ತೀರಾ ಸಣ್ಣ ಅಂತರದಲ್ಲಿ ಸೋತರು. ನಂತರ 1980ರಿಂದ 1994ರ ತನಕ ಮಿನ್ನಿಯಾಪೊಲಿಸ್‌ನ ಮೇಯರ್ ಆಗಿದ್ದರು.

ಅವರ ಜಾಗಕ್ಕೆ ಬಂದ ಮಾರ್ಟಿನ್ ಓಲಾವ್ ಸಾಬೊ ನಾರ್ವೆಯಿಂದ ವಲಸೆ ಬಂದ ದಂಪತಿಯ ಮಗ. 22ನೇ ವಯಸ್ಸಿಗೇ ರಾಜ್ಯದ ಶಾಸಕರಾಗಿ, ಆಮೇಲೆ ಶಾಸನಸಭೆಯ ಸ್ಪೀಕರ್ ಆದವರು. ಸಂಸತ್ತಿನಲ್ಲಿ 28 ವರ್ಷ ಇದ್ದ ಅವರು ಹೆಚ್ಚು ಮಾತಿನವರಲ್ಲ. ಆದರೆ ಬಜೆಟ್ ಸಮಿತಿಯ ಅಧ್ಯಕ್ಷರಾಗಿದ್ದರು, ನಗರಕ್ಕೆ ಅನುದಾನ ತರುವುದರಲ್ಲಿ ನಿಪುಣರು. 2004ರಲ್ಲಿ ಶುರುವಾದ ಹಯಾವಾಥ ಲಘು ರೈಲು ಮಾರ್ಗಕ್ಕೆ ಕೇಂದ್ರದ ಹಣ ಬಂದದ್ದರಲ್ಲಿ ಅವರ ಶ್ರಮವಿತ್ತು.

2006: ನಾಲ್ವರ ಪೈಪೋಟಿ

2006ರ ಮಾರ್ಚ್‌ನಲ್ಲಿ ಸಾಬೊ ನಿವೃತ್ತಿ ಘೋಷಿಸಿದರು. 28 ವರ್ಷದ ನಂತರ ಸ್ಥಾನ ಖಾಲಿಯಾಗಿತ್ತು. ಸಾಬೊ ಬೆಂಬಲಿಸಿದ್ದು ತಮ್ಮ ಕಚೇರಿಯ ಮುಖ್ಯಸ್ಥರಾಗಿದ್ದ ಮೈಕ್ ಅರ್ಲಂಡ್ಸನ್‌ರನ್ನು. ಆದರೆ ಪಕ್ಷದ ಸಮಾವೇಶ ಒಲಿದದ್ದು ಉತ್ತರ ಮಿನ್ನಿಯಾಪೊಲಿಸ್‌ನ ಶಾಸಕ ಕೀತ್ ಎಲಿಸನ್‌ಗೆ.

ಎಲಿಸನ್ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ, ಕ್ಯಾಥೊಲಿಕ್ ಕುಟುಂಬದಲ್ಲಿ. ಕಾಲೇಜಿನಲ್ಲಿದ್ದಾಗ, 19ನೇ ವಯಸ್ಸಿನಲ್ಲಿ ಇಸ್ಲಾಂ ಸ್ವೀಕರಿಸಿದರು. ಕಾನೂನು ಓದಲು ಮಿನ್ನೆಸೋಟಕ್ಕೆ ಬಂದು ಅಲ್ಲೇ ನೆಲೆಸಿದರು. ಪ್ರಚಾರದ ವೇಳೆ ಅವರ ಹಳೆಯ ದಿನಗಳು ಹೊರಬಂದವು. 1990ರ ದಶಕದಲ್ಲಿ ‘ನೇಷನ್ ಆಫ್ ಇಸ್ಲಾಂ’ ಸಂಘಟನೆಯ ಜೊತೆಗಿನ ಒಡನಾಟ ದೊಡ್ಡ ವಿವಾದವಾಯಿತು. ಎಲಿಸನ್ ಅದನ್ನು ಮುಚ್ಚಿಡಲು ಹೋಗಲಿಲ್ಲ. ನಗರದ ಯಹೂದಿ ಸಂಘಟನೆಗೆ ಪತ್ರ ಬರೆದು, ಆ ಸಂಘಟನೆಯ ಯಹೂದಿ ವಿರೋಧಿ ನಿಲುವನ್ನು ಆಗಲೇ ಗುರುತಿಸದೇ ಹೋದದ್ದು ತಪ್ಪು ಎಂದು ಒಪ್ಪಿಕೊಂಡರು. ಬಳಿಕ ಮಿನ್ನಿಯಾಪೊಲಿಸ್‌ನ ಯಹೂದಿ ಪತ್ರಿಕೆ ‘ಅಮೆರಿಕನ್ ಜ್ಯೂಯಿಷ್ ವರ್ಲ್ಡ್’ ಅವರನ್ನೇ ಬೆಂಬಲಿಸಿತು.

ಸೆಪ್ಟೆಂಬರ್ 12ರ ಪ್ರೈಮರಿಯಲ್ಲಿ ಎಲಿಸನ್‌ಗೆ 41 ಶೇಕಡ, ಅರ್ಲಂಡ್ಸನ್‌ಗೆ 31 ಶೇಕಡ, ಮಾಜಿ ರಾಜ್ಯ ಸೆನೆಟರ್ ಎಂಬರ್ ರೈಕ್‌ಗಾಟ್ ಜಂಗ್‌ಗೆ 21 ಶೇಕಡ ಮತ ಬಂತು. ನಗರಸಭೆಯ ಪಾಲ್ ಆಸ್ಟ್ರೋ ನಾಲ್ಕನೆಯವರು. ಎಲಿಸನ್ ಪಡೆದದ್ದು ಸುಮಾರು 29 ಸಾವಿರ ಮತ. ನವೆಂಬರ್‌ನಲ್ಲಿ 1 ಲಕ್ಷ 36 ಸಾವಿರ ಮತ, ಅಂದ್ರೆ 56 ಶೇಕಡ ಪಡೆದು ಗೆದ್ದರು. ರಿಪಬ್ಲಿಕನ್ ಅಲನ್ ಫೈನ್ ಮತ್ತು ಇಂಡಿಪೆಂಡೆನ್ಸ್ ಪಕ್ಷದ ಟ್ಯಾಮಿ ಲೀ ತಲಾ 21 ಶೇಕಡದಲ್ಲಿ ಉಳಿದರು. ಮಿನ್ನೆಸೋಟದಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾದ ಮೊದಲ ಕರಿಯ ಸಂಸದರೂ ಎಲಿಸನ್ ಅವರೇ.

ಜೆಫರ್ಸನ್‌ರ ಕುರ್‌ಆನ್

ಪ್ರಮಾಣವಚನದ ಸಮಯದಲ್ಲಿ ಕುರ್‌ಆನ್ ಬಳಸುತ್ತೇನೆ ಎಂದು ಎಲಿಸನ್ ಹೇಳಿದಾಗ ಬಲಪಂಥೀಯ ವಲಯದಲ್ಲಿ ಗದ್ದಲವೆದ್ದಿತು. ಕಾನೂನಿನ ಪ್ರಕಾರ ಅಲ್ಲಿ ವಿವಾದಕ್ಕೆ ಜಾಗವೇ ಇರಲಿಲ್ಲ. ಸಂಸದರು ಸಭೆಯಲ್ಲಿ ಒಟ್ಟಾಗಿ ಕೈ ಎತ್ತಿ ಪ್ರಮಾಣ ಮಾಡುತ್ತಾರೆ, ಯಾವ ಗ್ರಂಥವೂ ಬೇಕಿಲ್ಲ. ಗ್ರಂಥದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುವುದು ಆಮೇಲಿನ ಖಾಸಗಿ ಸಮಾರಂಭ. ಸಾರ್ವಜನಿಕ ಹುದ್ದೆಗೆ ಧಾರ್ಮಿಕ ಪರೀಕ್ಷೆ ಇರಬಾರದು ಎಂದು ಅಮೆರಿಕ ಸಂವಿಧಾನದ ಆರನೇ ವಿಧಿಯೇ ಹೇಳುತ್ತದೆ.

2007ರ ಜನವರಿ 4ರಂದು ಎಲಿಸನ್ ಬಳಸಿದ್ದು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಸಂಗ್ರಹದಲ್ಲಿದ್ದ ಕುರ್‌ಆನ್. ಅದು ಜಾರ್ಜ್ ಸೇಲ್ ಮಾಡಿದ ಇಂಗ್ಲಿಷ್ ಅನುವಾದದ ಎರಡು ಸಂಪುಟಗಳ ಪ್ರತಿ. ಸಂಸತ್ತಿನ ಗ್ರಂಥಾಲಯದಿಂದ ತರಿಸಿದ್ದು. ಕುರ್‌ಆನ್ ಅಮೆರಿಕಕ್ಕೆ ಹೊರಗಿನದು ಎನ್ನುತ್ತಿದ್ದವರಿಗೆ ಅದೇ ಉತ್ತರವಾಯಿತು.

ಮುಂದಿನ ಐದು ಚುನಾವಣೆಗಳಲ್ಲೂ ಎಲಿಸನ್ ಮೂರನೇ ಎರಡಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಗೆಲುವು ಖಚಿತವಿದ್ದ ಕ್ಷೇತ್ರದಲ್ಲೂ ಮನೆ ಮನೆಗೆ ಹೋಗಿ ಮತದಾನ ಹೆಚ್ಚಿಸುವ ಕೆಲಸವನ್ನು ಅವರು ಬಿಡಲಿಲ್ಲ. ರಾಜ್ಯದ ಕಾನೂನು ಕೂಡ ಇದಕ್ಕೆ ಅನುಕೂಲಕರ. 1973ರ ಕಾಯ್ದೆಯಿಂದಾಗಿ ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ನೋಂದಾಯಿಸಬಹುದು. ವಿಳಾಸದ ದಾಖಲೆ ಕೈಯಲ್ಲಿ ಇಲ್ಲದಿದ್ದರೆ ಅದೇ ಮತಗಟ್ಟೆಯ ನೋಂದಾಯಿತ ಮತದಾರರೊಬ್ಬರು ಸಾಕ್ಷಿ ಹೇಳಿದರೂ ಸಾಕು. ಬಾಡಿಗೆ ಮನೆ ಬದಲಿಸುತ್ತಾ ಇರುವ ಬಡವರು, ವಿದ್ಯಾರ್ಥಿಗಳು, ಹೊಸದಾಗಿ ಪೌರತ್ವ ಪಡೆದವರು ಮತಪಟ್ಟಿಯಿಂದ ಹೊರಗುಳಿಯದಿರಲು ಇದು ಕಾರಣ.

2018: ನಾಮಪತ್ರದ ಕೊನೆಯ ದಿನ

2018ರ ಜೂನ್ 5, ನಾಮಪತ್ರ ಸಲ್ಲಿಕೆಯ ಕೊನೆಯ ದಿನ. ಎಲಿಸನ್ ದಿಢೀರನೆ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ಸ್ಪರ್ಧಿಸಲು ನಿರ್ಧರಿಸಿದರು. ಕೆಲವೇ ತಾಸುಗಳಲ್ಲಿ ಹಲವರು ಅವರ ಸಂಸತ್ ಸ್ಥಾನಕ್ಕೆ ನಾಮಪತ್ರ ಹಾಕಿದರು. ಅವರಲ್ಲೊಬ್ಬರು ಇಲ್ಹಾನ್ ಒಮರ್.

ಮೊಗದಿಶುವಿನಲ್ಲಿ ಹುಟ್ಟಿದ ಒಮರ್, ಅಂತರ್ಯುದ್ಧದಿಂದಾಗಿ ಬಾಲ್ಯದ ನಾಲ್ಕು ವರ್ಷ ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಕಳೆದು, 1995ರಲ್ಲಿ ಅಮೆರಿಕಕ್ಕೆ ಬಂದವರು. 2016ರಲ್ಲಿ ರಾಜ್ಯ ಶಾಸನಸಭೆಯ ಪ್ರೈಮರಿಯಲ್ಲಿ, 44 ವರ್ಷದಿಂದ ಶಾಸಕಿಯಾಗಿದ್ದ ಫಿಲಿಸ್ ಕಾನ್ ಅವರನ್ನು ಸೋಲಿಸಿ ಅಮೆರಿಕದ ಮೊದಲ ಸೊಮಾಲಿ ಮೂಲದ ಶಾಸಕಿಯಾದರು. ಆ ಸ್ಪರ್ಧೆಯಲ್ಲಿ ಇನ್ನೊಬ್ಬ ಸೊಮಾಲಿ ಅಭ್ಯರ್ಥಿ ಮೊಹಮೂದ್ ನೂರ್ ಕೂಡ ಇದ್ದರು. ಒಮರ್ ಗೆದ್ದದ್ದು ಸೊಮಾಲಿ ಮತಗಳನ್ನು ಮಾತ್ರ ನಂಬಿಕೊಂಡಲ್ಲ; ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಬಿಳಿಯ ಪ್ರಗತಿಪರರನ್ನು ಜೊತೆಗೆ ಸೇರಿಸಿಕೊಂಡು.

ಆಗಸ್ಟ್ 14ರ ಸಂಸತ್ ಪ್ರೈಮರಿಯಲ್ಲಿ ಒಮರ್‌ಗೆ 48 ಶೇಕಡ, ರಾಜ್ಯದ ಮಾಜಿ ಸ್ಪೀಕರ್ ಮಾರ್ಗರೆಟ್ ಆಂಡರ್ಸನ್ ಕೆಲಿಹರ್‌ಗೆ 30 ಶೇಕಡ ಬಂತು. ಪ್ರೈಮರಿಯಲ್ಲಿ ಒಮರ್ ಪಡೆದದ್ದು ಸುಮಾರು 65 ಸಾವಿರ ಮತ. ನವೆಂಬರ್‌ನಲ್ಲಿ 2 ಲಕ್ಷ 67 ಸಾವಿರಕ್ಕೂ ಹೆಚ್ಚು, ಅಂದ್ರೆ 78 ಶೇಕಡ. ಮಿಶಿಗನ್‌ನ ರಶೀದಾ ತಲೈಬ್ ಜೊತೆಗೆ ಅವರು ಅಮೆರಿಕ ಸಂಸತ್ತಿನ ಮೊದಲ ಮುಸ್ಲಿಂ ಮಹಿಳೆಯರಾದರು. ಸಭೆಯೊಳಗೆ ತಲೆಗೆ ಏನೂ ಧರಿಸಬಾರದೆಂಬ 1837ರ ನಿಯಮವನ್ನು 2019ರ ಜನವರಿಯಲ್ಲಿ ಸಡಿಲಿಸಿ, ಧಾರ್ಮಿಕ ಉಡುಪಿಗೆ ಅನುಮತಿ ಕೊಡಲಾಯಿತು. ಒಮರ್ ಹಿಜಾಬ್ ಧರಿಸಿಯೇ ಸದನ ಪ್ರವೇಶಿಸಿದರು. ಅದೇ ಚುನಾವಣೆಯಲ್ಲಿ ಗೆದ್ದ ಎಲಿಸನ್, ಅಮೆರಿಕದಲ್ಲಿ ರಾಜ್ಯಮಟ್ಟದ ಹುದ್ದೆಗೆ ಆಯ್ಕೆಯಾದ ಮೊದಲ ಮುಸ್ಲಿಮರೆನಿಸಿದರು.

2,466 ಮತಗಳ ಅಂತರ

ಒಮರ್‌ರ ಹಾದಿ ಎಲಿಸನ್‌ರಷ್ಟು ಸಲೀಸಾಗಿರಲಿಲ್ಲ. 2019ರ ಫೆಬ್ರವರಿಯಲ್ಲಿ ಇಸ್ರೇಲ್ ಪರ ಲಾಬಿಯ ಬಗ್ಗೆ ಅವರು ಮಾಡಿದ ಟ್ವೀಟ್‌ಗಳನ್ನು ಸ್ವಪಕ್ಷದ ನಾಯಕರೂ ಯಹೂದಿ ವಿರೋಧಿ ಎಂದು ಖಂಡಿಸಿದರು. ಒಮರ್ ಕ್ಷಮೆ ಕೇಳಿದರು. ಅದೇ ಜುಲೈಯಲ್ಲಿ ಅಧ್ಯಕ್ಷ ಟ್ರಂಪ್, ಒಮರ್ ಸೇರಿದಂತೆ ನಾಲ್ವರು ಸಂಸದೆಯರು ತಮ್ಮ ಮೂಲ ದೇಶಗಳಿಗೆ ಮರಳಲಿ ಎಂಬರ್ಥದಲ್ಲಿ ಬರೆದಾಗ, ಪ್ರತಿನಿಧಿ ಸಭೆ 240-187 ಮತಗಳಿಂದ ಆ ಮಾತನ್ನು ಖಂಡಿಸಿತು. 2023ರ ಫೆಬ್ರವರಿಯಲ್ಲಿ, ಆಗ ರಿಪಬ್ಲಿಕನ್ ಬಹುಮತವಿದ್ದ ಸಭೆ 218-211 ಮತಗಳಿಂದ ಒಮರ್‌ರನ್ನು ವಿದೇಶಾಂಗ ಸಮಿತಿಯಿಂದ ಕೈಬಿಟ್ಟಿತು.

ಆದರೆ ಅವರ ಸ್ಥಾನಕ್ಕೆ ನಿಜವಾದ ಅಪಾಯ ಬಂದದ್ದು ವಾಷಿಂಗ್ಟನ್‌ನಿಂದಲೂ ಅಲ್ಲ, ರಿಪಬ್ಲಿಕನ್ನರಿಂದಲೂ ಅಲ್ಲ. ಸ್ವಂತ ಪಕ್ಷದ ಪ್ರೈಮರಿಯಲ್ಲಿ.

2020ರಲ್ಲಿ ವಕೀಲ ಆಂಟೋನ್ ಮೆಲ್ಟನ್-ಮೋ ಒಂದೇ ತ್ರೈಮಾಸಿಕದಲ್ಲಿ 30 ಲಕ್ಷ ಡಾಲರ್‌ಗೂ ಹೆಚ್ಚು ನಿಧಿ ಸಂಗ್ರಹಿಸಿ ಎದುರು ನಿಂತರು. ಒಮರ್ 58 ಶೇಕಡ ಮತ ಪಡೆದು ಗೆದ್ದರು. 2022ರ ಪರಿಸ್ಥಿತಿ ಬೇರೆ. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತದ್ದು ಇದೇ ಕ್ಷೇತ್ರದ ರಸ್ತೆಯಲ್ಲಿ. ಅದರ ಬೆನ್ನಿಗೆ, ನಗರದ ಪೊಲೀಸ್ ಇಲಾಖೆಯನ್ನು ತೆಗೆದು ಸಾರ್ವಜನಿಕ ಸುರಕ್ಷತಾ ಇಲಾಖೆ ತರಬೇಕೆಂಬ ಪ್ರಸ್ತಾವ 2021ರ ನವೆಂಬರ್‌ನಲ್ಲಿ ಮತಕ್ಕೆ ಬಂತು. ಒಮರ್ ಅದರ ಪರ ಇದ್ದರು, ಮತದಾರರು ತಿರಸ್ಕರಿಸಿದರು. ಅದನ್ನು ವಿರೋಧಿಸಿದ್ದ, ಜಮೈಕಾದಲ್ಲಿ ಹುಟ್ಟಿದ ನಗರಸಭೆಯ ಮಾಜಿ ಸದಸ್ಯ ಡಾನ್ ಸ್ಯಾಮ್ಯುಯೆಲ್ಸ್ 2022ರ ಪ್ರೈಮರಿಯಲ್ಲಿ ಎದುರಾಳಿಯಾದರು.

ಫಲಿತಾಂಶ: ಒಮರ್ 50.3 ಶೇಕಡ, ಸ್ಯಾಮ್ಯುಯೆಲ್ಸ್ 48.2 ಶೇಕಡ. ಅಂತರ ಕೇವಲ 2,466 ಮತ. ಮೂರು ತಿಂಗಳ ನಂತರ ಅದೇ ಒಮರ್ ರಿಪಬ್ಲಿಕನ್ ಎದುರು 74 ಶೇಕಡ ಮತ, 2 ಲಕ್ಷಕ್ಕೂ ಹೆಚ್ಚು ಮತ ಪಡೆದರು. ನವೆಂಬರ್ ಫಲಿತಾಂಶವನ್ನು ಮಾತ್ರ ನೋಡಿದವರಿಗೆ ಅವರು ಸೋಲಿನ ಅಂಚಿಗೆ ಹೋಗಿ ಬಂದದ್ದು ಗೊತ್ತೇ ಆಗುವುದಿಲ್ಲ.

2024ರಲ್ಲಿ ಸ್ಯಾಮ್ಯುಯೆಲ್ಸ್ ಮತ್ತೆ ಬಂದರು. ಆ ಬೇಸಿಗೆಯಲ್ಲಿ ಒಮರ್‌ರ ಜೊತೆಗಾರರಾದ ಜಮಾಲ್ ಬೊಮನ್ ಮತ್ತು ಕೋರಿ ಬುಷ್ ಇಬ್ಬರೂ ತಮ್ಮ ಪ್ರೈಮರಿಗಳಲ್ಲಿ ಸೋತಿದ್ದರು. ಒಮರ್ ಈ ಸಲ ಬೇಗನೇ ಪ್ರಚಾರಕ್ಕಿಳಿದು 56 ಶೇಕಡ ಪಡೆದು, ಅಂತರವನ್ನು 16 ಸಾವಿರಕ್ಕೆ ಏರಿಸಿಕೊಂಡರು. ನವೆಂಬರ್‌ನಲ್ಲಿ ಇರಾಕ್‌ನಲ್ಲಿ ಹುಟ್ಟಿದ ಪತ್ರಕರ್ತೆ, ರಿಪಬ್ಲಿಕನ್ ದಾಲಿಯಾ ಅಲ್-ಅಖೀದಿ ಅವರನ್ನು ಸುಲಭವಾಗಿ ಸೋಲಿಸಿ ನಾಲ್ಕನೇ ಅವಧಿಗೆ ಆಯ್ಕೆಯಾದರು.

1943ರಿಂದ ಕ್ಷೇತ್ರದ ಸಂಸದರು

ವಾಲ್ಟರ್ ಜಡ್ (ರಿಪಬ್ಲಿಕನ್): 1943–1963
ಡೊನಾಲ್ಡ್ ಫ್ರೇಸರ್ (ಡಿಎಫ್‌ಎಲ್): 1963–1979
ಮಾರ್ಟಿನ್ ಓಲಾವ್ ಸಾಬೊ (ಡಿಎಫ್‌ಎಲ್): 1979–2007
ಕೀತ್ ಎಲಿಸನ್ (ಡಿಎಫ್‌ಎಲ್): 2007–2019
ಇಲ್ಹಾನ್ ಒಮರ್ (ಡಿಎಫ್‌ಎಲ್): 2019ರಿಂದ

ಅಂಕಿಗಳಲ್ಲಿ ಕಾಣುವುದು

ಎಂಬತ್ತು ವರ್ಷದಲ್ಲಿ ಐದೇ ಜನ. ಒಮ್ಮೆ ಆಯ್ಕೆಯಾದವರನ್ನು ಕ್ಷೇತ್ರ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಸ್ಥಾನ ಖಾಲಿಯಾಗುವ ವರ್ಷದ ಪ್ರೈಮರಿಗೆ ಇಲ್ಲಿ ಎಲ್ಲಿಲ್ಲದ ಮಹತ್ವ. 2006ರಲ್ಲಿ 29 ಸಾವಿರ ಮತ, 2018ರಲ್ಲಿ 65 ಸಾವಿರ ಮತ ಮುಂದಿನ ಹಲವು ವರ್ಷಗಳ ಪ್ರಾತಿನಿಧ್ಯವನ್ನು ತೀರ್ಮಾನಿಸಿದವು. ಏಳು ಲಕ್ಷ ಜನರಿರುವ ಕ್ಷೇತ್ರದಲ್ಲಿ ಇದು ದೊಡ್ಡ ಸಂಖ್ಯೆಯಲ್ಲ.

ಸಣ್ಣ ಸಮುದಾಯವೊಂದಕ್ಕೆ ತೂಕ ಬಂದದ್ದು ಈ ಹಂತದಲ್ಲೇ. ನವೆಂಬರ್‌ನ ಲಕ್ಷಗಟ್ಟಲೆ ಮತಗಳ ನಡುವೆ ಕೆಲವು ಸಾವಿರ ಮತ ಲೆಕ್ಕಕ್ಕೆ ಬರುವುದಿಲ್ಲ. ಬೇಸಿಗೆಯ ಪ್ರೈಮರಿಯಲ್ಲಿ, ಚಳಿಗಾಲದ ಕಾಕಸ್‌ನಲ್ಲಿ ಬರುತ್ತದೆ. ಸೀಡರ್-ರಿವರ್‌ಸೈಡ್‌ನ ಸೊಮಾಲಿ ಯುವಕ ಯುವತಿಯರು ಇದನ್ನು ಬೇಗ ಅರ್ಥಮಾಡಿಕೊಂಡರು: ಕಾಕಸ್‌ಗೆ ಹೋದರು, ಹಿರಿಯರಿಗೆ ಭಾಷಾಂತರ ಮಾಡಿದರು, ನೆರೆಯವರನ್ನು ಮತಗಟ್ಟೆಗೆ ಕರೆದುಕೊಂಡು ಬಂದರು.

ಹಾಗಂತ ಸಮುದಾಯದ ಮತ ಮಾತ್ರ ಸಾಕಾಗಿತ್ತು ಎಂದಲ್ಲ. ಎಲಿಸನ್ ಆಗಲಿ, ಒಮರ್ ಆಗಲಿ, ಬೇರೆಯವರ ಮತವಿಲ್ಲದೆ ಒಂದು ಪ್ರೈಮರಿಯನ್ನೂ ಗೆಲ್ಲುತ್ತಿರಲಿಲ್ಲ. ಎಲಿಸನ್‌ಗೆ ಯಹೂದಿ ಪತ್ರಿಕೆಯ ಬೆಂಬಲ ಸಿಕ್ಕಿದ್ದು ಹಳೆಯ ತಪ್ಪನ್ನು ಒಪ್ಪಿಕೊಂಡ ಮೇಲೆ. ಒಮರ್‌ರ ಅಂತರ 2,466ಕ್ಕೆ ಇಳಿದದ್ದು ಪ್ರೈಮರಿಯ ಹಲವು ಮತದಾರರು ಸುರಕ್ಷತೆಯ ವಿಚಾರದಲ್ಲಿ ಅವರಿಂದ ದೂರ ಸರಿದಾಗ. ಮತ್ತೆ ಏರಿದ್ದು ಎರಡು ವರ್ಷದ ಬಳಿಕ ಆ ಮತದಾರರ ಬಾಗಿಲಿಗೆ ಪುನಃ ಹೋದಾಗ.